ಚಾಚಿದ ಕೈ

ತಮ್ಮಾ, ನಿನ್ನೆ ಸಂಕೇಶ್ವರದ ಬಸ್‌ಸ್ಟ್ಯಾಂಡಿನ್ಯಾಗ ನಾ ನಿನ್ನ ಹಿಂದ ನಿಂತಿದ್ದೆ. ನೀ ಏರೂವಾಗ ಕಂಡಕ್ಟರ್ ಕೈ ಚಾಚಿದ. ನೀ ಆ ಕೈ ಝಾಡಿಸಿ, ಊರುಗೋಲು ಕಂಕುಳಾಗ ಒತ್ತಿ, ಒಬ್ಬನ ಏರಿದಿ. ಏರಿದ್ದೇನೋ ಖರೇ. ಆದರ ನಿಡಸೋಸಿ ಬರೂತನಕ ಕಿಟಕಿ ಬಿಟ್ಟು ಮಾರಿ ಈ ಕಡೆ ತಿರುಗಿಸಲಿಲ್ಲ.

ಬೈಯಾಕ ಕರದಿಲ್ಲ, ಕುಂದರು. ನನ್ನ ಎಡಗಾಲನ್ನ ಪೋಲಿಯೊ ತಿಂದದ್ದು ನಿನಗ ಗೊತ್ತೈತಿ. ಹುಡುಗ ಇದ್ದಾಗ ನಮ್ಮ ಮಾಸ್ತರು ಸೈಕಲ್ ಮ್ಯಾಲ ಸಾಲಿಗೆ ಒಯ್ತೀನಿ ಅಂದ್ರು, ನಾ ಒಲ್ಲೆ ಅಂದೆ. ಯಾರ ಹಂಗೂ ಬ್ಯಾಡ ಅನ್ನೂದನ್ನ ದೊಡ್ಡ ಗಂಡಸ್ತನ ಅಂತ ತಿಳಿದಿದ್ದೆ. ಮಳಿಗಾಲದ ಕೆಸರಿನ್ಯಾಗ ಆ ಹಟ ನಡೀಲಿಲ್ಲ. ಎರಡು ವರ್ಷ ಸಾಲಿ ತಪ್ಪಿತು.

ಗದಗಿನ ಗವಾಯಿ ಅಜ್ಜಾರ ಸುದ್ದಿ ಆಮ್ಯಾಲ ತಿಳೀತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಾಗ 1892ರಾಗ ಹುಟ್ಟಿದ ಗದಿಗೆಯ್ಯಗ ಹುಟ್ಟಾ ಕಣ್ಣಿರಲಿಲ್ಲ. ಅವರ ಅಣ್ಣಗೂ ಇರಲಿಲ್ಲ. ಹುಡುಗರ ಹಾಡು ಕೇಳಿದ ಹಾನಗಲ್ ಮಠದ ಕುಮಾರಸ್ವಾಮಿಗಳು ಇಬ್ಬರನ್ನೂ ಕರಕೊಂಡು ಹೋದ್ರು. ಗದಿಗೆಯ್ಯ ಆ ಕೈ ಹಿಡಿದ್ರು. ಕರ್ನಾಟಕಿ ಕಲಿತ್ರು, ಹಿಂದೂಸ್ತಾನಿ ಕಲಿತ್ರು, ಪಂಚಾಕ್ಷರಿ ಗವಾಯಿ ಆದ್ರು. ಅಷ್ಟು ಕಲಿತವರು ಬೇಕಾದ್ರ ಮೈಫಿಲಿನ್ಯಾಗ ಹಾಡಿ ಆರಾಮ ಇರಬಹುದಿತ್ತು. ಅದನ್ನ ಬಿಟ್ಟು ಕಣ್ಣಿಲ್ಲದ ಹುಡುಗರನ್ನ, ತಂದಿ-ತಾಯಿ ಇಲ್ಲದವರನ್ನ ಕೂಡಿಸಿಕೊಂಡು ಊರೂರು ತಿರುಗಿದ್ರು. ಅಷ್ಟು ಹೊಟ್ಟಿ ತುಂಬಸಾಕ ನಾಟಕ ಕಂಪನಿನೂ ಕಟ್ಟಿದ್ರು! ಕಣ್ಣಿದ್ದ ದೊಡ್ಡ ಗಾಯಕ ಬಸವರಾಜ ರಾಜಗುರುನೂ ಈ ಕಣ್ಣಿಲ್ಲದ ಗುರುವಿನ ಮುಂದ ಕುಂತು ಕಲಿತವರ.

ಮುಂದ ಪುಟ್ಟರಾಜ ಗವಾಯಿ ಆದ ದೇವಗಿರಿಯ ಪುಟ್ಟಯ್ಯಗ ಸಣ್ಣಾವ ಇದ್ದಾಗನ ಕಣ್ಣು ಹೋದುವು. ಅವರೂ ಪಂಚಾಕ್ಷರಿ ಗವಾಯಿಗಳ ಕೈ ಸೇರಿದ್ರು. 1944ರಾಗ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಷ್ಟೂ ಮಕ್ಕಳ ಭಾರ ಅವರ ಹೆಗಲಿಗೆ ಬಂತು. 2010ರ ತನಕ ಹೊತ್ರು. ದಿನಾ ಮೂರು ಹೊತ್ತು ಲಿಂಗಪೂಜೆ, ಪಾಠ, ಪುಸ್ತಕ, ನಾಟಕ. ನನಗ ಅವರ ಪೂಜಿ ಅಂದ್ರ ಭಾಳ ಬೆರಗು. ಕಣ್ಣು ಕೊಡು ಅಂತ ಕೇಳಾಕ ಅಲ್ಲ, ಆ ದಿನದ ಕೆಲಸಕ್ಕ ಬಲಾ ಬೇಡಾಕ ಕುಂದರತಿದ್ರು ಅಂತ ನನಗ ಅನಸತೈತಿ. ಇದು ನನ್ನ ತಿಳುವಳಿಕಿ, ನೀ ಬೇರೆ ತಿಳಕೊಂಡ್ರೂ ತಪ್ಪಲ್ಲ.

ನಮ್ಮ ನಿಡಸೋಸಿಯ ದುರದುಂಡೀಶ್ವರ ಮಠದ ದಾಸೋಹದಾಗ ಪಂಕ್ತಿಗೆ ಕುಂದರಾಕ ನಾಚತಿ ಏನು? ಇಲ್ಲ. ಇವತ್ತು ಉಂಡವರ ನಾಳೆ ಬಡಸಾಕ ನಿಲ್ತಾರ. ಕಂಡಕ್ಟರನ ಕೈಯಾಗ ಮಾತ್ರ ನಿನಗ್ಯಾಕ ಸಣ್ಣಸ್ತನ ಕಂಡಿತು?

ಕಾಲಿನ ವ್ಯಾಯಾಮ ಎರಡು ವಾರದಿಂದ ಬಿಟ್ಟಿ ಅಂತ ನಿಮ್ಮವ್ವ ಹೇಳಿದ್ಲು. ನಾಳಿಂದ ಮುಂಜಾನೆ ಐದಕ್ಕ ನಮ್ಮ ಕಟ್ಟಿಗೆ ಬಾ, ನಾನೂ ನನ್ನ ಕಾಲು ಮಡಚೂದೈತಿ, ಕೂಡೇ ಮಾಡೂಣು. ಆಮ್ಯಾಲ ಬಸ್ಸಿಗೆ ಹೋಗು. ಕಂಡಕ್ಟರ್ ಕೈ ಚಾಚಿದ್ರ ಹಿಡಿ. ಮ್ಯಾಲ ಏರಿದ ಮ್ಯಾಲ ಹಿಂದ ತಿರುಗಿ ನೋಡು, ಚೀಲ ಹೊತ್ತ ಮುದುಕಿ ಯಾರರ ಇದ್ರ ನೀನೂ ಒಂದು ಕೈ ಕೊಡು. ಕೋಲು ಹಿಡಿಯಾಕ ಒಂದು ಸಾಕು, ಇನ್ನೊಂದು ಖಾಲಿನ ಇರ್ತೈತಿ.