ಬೆಳೆದ ಮಕ್ಕಳಿಗೆ ಉಡುಗೊರೆ: ಜಾಬಿರ್(ರ)ರ ಒಂಟೆಯಿಂದ ಒಂದು ಪಾಠ

ಈದ್ ಹತ್ತಿರವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚಿಕ್ಕ ಮಕ್ಕಳಿಗೆ ಏನು ಕೊಡಬೇಕೆಂಬುದರಲ್ಲಿ ಕಷ್ಟವಿಲ್ಲ. ಹೊಸ ಬಟ್ಟೆ, ಬಳೆ, ಆಟಿಕೆ, ಕೈಗೊಂದು ಈದಿಯ ನೋಟು ಸಿಕ್ಕರೆ ಅವರ ಮುಖ ಅರಳುತ್ತದೆ. ಹಿರಿಯರಿಗೆ ಒಂದು ಶಾಲು ಅಥವಾ ಒಂದು ಶೀಷೆ ಅತ್ತರು ಸಾಕು. ಆದರೆ ಹದಿನೆಂಟು ದಾಟಿದ, ಇನ್ನೂ ಇಪ್ಪತ್ತೈದು ತುಂಬದ ಮಗನಿಗೋ ಮಗಳಿಗೋ ಏನು ಕೊಡುವುದು? ಏನು ಬೇಕೆಂದು ಕೇಳಿದರೆ "ಏನೂ ಬೇಡ" ಎಂಬ ಉತ್ತರ. ತಂದು ಕೊಟ್ಟರೆ "ಚೆನ್ನಾಗಿದೆ" ಎಂದು ತೆಗೆದಿಡುತ್ತಾರೆ. ಮತ್ತೆ ಅದನ್ನು ಮುಟ್ಟುವುದಿಲ್ಲ. ತಾಯಿ ನೊಂದುಕೊಳ್ಳುತ್ತಾಳೆ, ತಂದೆ ಸಿಡುಕುತ್ತಾನೆ. ಈ ಕಾಲದ ಮಕ್ಕಳಿಗೆ ಎಷ್ಟು ಕೊಟ್ಟರೂ ಅಷ್ಟೇ ಎಂಬ ತೀರ್ಮಾನಕ್ಕೆ ನಾವು ಬಂದುಬಿಡುತ್ತೇವೆ.

ನಾನೂ ಹಾಗೆ ತೀರ್ಮಾನಿಸಿದ್ದವನೇ. ನನ್ನ ಅಕ್ಕನ ಮಗ ಪಿಯುಸಿ ಮುಗಿಸಿ ಓದು ಬಿಟ್ಟ. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅವನು ಓದಲಿ ಎಂಬ ಆಸೆ ನನಗೆ. ಒಂದು ಈದ್‌ಗೆ ಬೆಲೆಬಾಳುವ ಪೆನ್ನು, ಇನ್ನೊಂದು ಈದ್‌ಗೆ ಪುಸ್ತಕಗಳು, ಮತ್ತೊಂದು ಈದ್‌ಗೆ ಬಿಳಿಯ ಅಂಗಿ ಕೊಟ್ಟೆ. ಎಲ್ಲವೂ ಅಕ್ಕನ ಮನೆಯ ಕಪಾಟಿನಲ್ಲಿ ಹಾಗೆಯೇ ಇದ್ದವು. ಒಂದು ದಿನ ನೆಂಟರ ಎದುರಲ್ಲೇ ಅವನಿಗೆ ಚುಚ್ಚಿ ಮಾತನಾಡಿದೆ. ಅವನು ಎದುರಾಡಲಿಲ್ಲ. ನಾನು ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದ: "ಮಾಮು, ನಾನು ಅಂಗಡಿಯಲ್ಲಿ ಏನು ಕೆಲಸ ಮಾಡ್ತೀನಿ ಅಂತ ನೀವು ಒಂದು ಸಲವೂ ಕೇಳಲಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮಕ್ಕಳಿಗೆ ಹದೀಸ್ ಪಾಠ ಹೇಳುವವನು ನಾನು. ಎಷ್ಟೋ ಬಾರಿ ಕಲಿಸಿದ್ದ ಒಂದು ಹದೀಸನ್ನು ಆಗ ಮತ್ತೆ ತೆರೆದು ಓದಿದೆ. ಅದು ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾಹ್(ರ)ರ ಒಂಟೆಯ ಘಟನೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ.

ದಾರಿಯಲ್ಲಿ ನಡೆದ ಮಾತು

ಜಾಬಿರ್(ರ) ಆಗ ಯುವಕರು. ಅವರ ತಂದೆ ಹಿಜರಿ 3ರಲ್ಲಿ ಉಹುದ್ ಯುದ್ಧದಲ್ಲಿ ಹುತಾತ್ಮರಾಗಿದ್ದರು. ತಂದೆ ಬಿಟ್ಟು ಹೋದದ್ದು ಸಾಲ ಮತ್ತು ಹೆಣ್ಣುಮಕ್ಕಳು. ಆ ಸಹೋದರಿಯರು ಏಳು ಮಂದಿ ಎಂದು ಕೆಲವು ವರದಿಗಳಲ್ಲಿದೆ, ಒಂಬತ್ತು ಎಂದು ಇನ್ನು ಕೆಲವುಗಳಲ್ಲಿದೆ. ಅವರೆಲ್ಲರ ಹೊಣೆ ಈ ಒಬ್ಬ ಯುವಕನ ಹೆಗಲಿಗೆ ಬಿತ್ತು.

ಒಂದು ದಂಡಯಾತ್ರೆಯಿಂದ ಹಿಂದಿರುಗುವಾಗ ಅವರ ಒಂಟೆ ಸೋತು ಹಿಂದೆ ಬಿತ್ತು. ಜನರೆಲ್ಲ ಮುಂದೆ ಸಾಗಿದರು. ಪ್ರವಾದಿವರ್ಯರು(ಸ) ಅವರ ಬಳಿಗೆ ಬಂದು ಏನಾಯಿತೆಂದು ವಿಚಾರಿಸಿದರು. ಒಂಟೆಯನ್ನು ಕೋಲಿನಿಂದ ತಟ್ಟಿ ಅದಕ್ಕಾಗಿ ಪ್ರಾರ್ಥಿಸಿದರು. ಒಂಟೆ ಚುರುಕಾಗಿ ನಡೆಯತೊಡಗಿತು. ಅನಂತರ ಇಬ್ಬರೂ ಜೊತೆಯಾಗಿ ಸಾಗುತ್ತಾ ಮಾತಿಗೆ ತೊಡಗಿದರು. ಮದುವೆಯಾಗಿದೆಯೇ ಎಂದು ಪ್ರವಾದಿ(ಸ) ಕೇಳಿದರು. ಆಗಿದೆ ಎಂದರು ಜಾಬಿರ್(ರ). ವಧು ಕನ್ಯೆಯೋ, ಮೊದಲೇ ಮದುವೆಯಾಗಿದ್ದವಳೋ ಎಂಬುದು ಮುಂದಿನ ಪ್ರಶ್ನೆ. ಮೊದಲೇ ಮದುವೆಯಾಗಿದ್ದವಳು ಎಂದು ಉತ್ತರ ಬಂತು. ನಿನ್ನ ವಯಸ್ಸಿಗೆ ಕನ್ಯೆಯನ್ನೇಕೆ ಆರಿಸಲಿಲ್ಲ ಎಂದು ಕೇಳಿದಾಗ ಜಾಬಿರ್(ರ) ಮನಸ್ಸು ಬಿಚ್ಚಿದರು. ಮನೆಯಲ್ಲಿ ತಂಗಿಯರಿದ್ದಾರೆ, ಅವರ ತಲೆ ಬಾಚಿ, ಅವರನ್ನು ನೋಡಿಕೊಂಡು ಸಂಸಾರ ನಡೆಸಬಲ್ಲ ಹೆಣ್ಣು ಬೇಕಿತ್ತು ಎಂದರು. ಪ್ರವಾದಿ(ಸ) ಅದನ್ನು ಮೆಚ್ಚಿಕೊಂಡರು.

ಆಮೇಲೆ ಬಂದದ್ದು ಒಂಟೆಯ ಮಾತು. ಅದನ್ನು ನನಗೆ ಮಾರುತ್ತೀಯಾ ಎಂದು ಪ್ರವಾದಿ(ಸ) ಕೇಳಿದರು. ಒಂದು ಊಖಿಯಾ, ಅಂದರೆ 40 ದಿರ್ಹಮ್ ತೂಕದ ಬೆಳ್ಳಿಗೆ ವ್ಯಾಪಾರ ಕುದುರಿತೆಂದು ಪ್ರಸಿದ್ಧ ವರದಿಯಲ್ಲಿದೆ. ಮದೀನಾ ತಲಪುವವರೆಗೆ ಅದರ ಮೇಲೆ ಸವಾರಿ ಮಾಡುತ್ತೇನೆಂಬ ಷರತ್ತನ್ನು ಜಾಬಿರ್(ರ) ಇಟ್ಟರು, ಪ್ರವಾದಿ(ಸ) ಒಪ್ಪಿದರು. ಮದೀನಾದಲ್ಲಿ ಒಂಟೆಯನ್ನು ಒಪ್ಪಿಸಲು ಬಂದಾಗ ಹಝ್ರತ್ ಬಿಲಾಲ್(ರ)ರಿಗೆ ಬೆಳ್ಳಿ ತೂಗಿ ಕೊಡಲು ಆಜ್ಞಾಪಿಸಿದರು. ಬಿಲಾಲ್(ರ) ತೂಕಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟರು. ಜಾಬಿರ್(ರ) ಹಣ ಪಡೆದು ಹೊರಟಾಗ ಪ್ರವಾದಿ(ಸ) ಅವರನ್ನು ಮತ್ತೆ ಕರೆಸಿದರು. ಹಣವನ್ನೂ ಇಟ್ಟುಕೋ, ಒಂಟೆಯನ್ನೂ ಕೊಂಡು ಹೋಗು ಎಂದರು.

ಈ ಘಟನೆಯಲ್ಲಿರುವ ಮೂರು ಪಾಠಗಳು

ಮೊದಲನೆಯದು, ಉಡುಗೊರೆಗಿಂತ ಮೊದಲು ಮಾತು ನಡೆಯಿತು. ಪ್ರವಾದಿ(ಸ) ಹಿಂದೆ ಉಳಿದವನ ಪಕ್ಕದಲ್ಲಿ ಸಾಗಿದರು, ಅವನ ಮನೆಯ ಸಂಗತಿ ಕೇಳಿದರು, ಉತ್ತರವನ್ನು ಕೊನೆಯವರೆಗೆ ಆಲಿಸಿದರು. ನಾವು "ಏನು ಬೇಕು?" ಎಂಬ ಒಂದೇ ಪ್ರಶ್ನೆ ಕೇಳುತ್ತೇವೆ. ಅದಕ್ಕೆ ಬೆಳೆದ ಮಕ್ಕಳು ಉತ್ತರ ಕೊಡುವುದಿಲ್ಲ. ಮನೆಯ ಖರ್ಚು ಅವರಿಗೆ ಗೊತ್ತು, ಕೈಚಾಚಲು ಸಂಕೋಚ. "ಕೆಲಸ ಹೇಗಿದೆ? ಯಾವುದು ಕಷ್ಟವಾಗುತ್ತಿದೆ?" ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ಎರಡನೆಯದು, ಯುವಕನ ಸ್ವಾಭಿಮಾನ ಉಳಿಯಿತು. ಅವನನ್ನು ಬಡವನೆಂದು ಕರೆದು ನಾಲ್ಕು ಜನರ ಮುಂದೆ ಕೊಡಲಿಲ್ಲ. ಅವನೊಡನೆ ಸರಿಸಮನಾಗಿ ವ್ಯಾಪಾರ ಮಾಡಿದರು, ಅವನ ಷರತ್ತನ್ನೂ ಒಪ್ಪಿದರು. ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂದು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 264ನೆಯ ಸೂಕ್ತ ಎಚ್ಚರಿಸುತ್ತದೆ. ದಾನದ ವಿಷಯದಲ್ಲೇ ಹೀಗಿರುವಾಗ ನಮ್ಮ ಮಕ್ಕಳಿಗೆ ಪ್ರೀತಿಯಿಂದ ಕೊಟ್ಟ ವಸ್ತುವನ್ನು ಎತ್ತಿ ಆಡುವುದು ಎಷ್ಟರ ಮಟ್ಟಿಗೆ ಸರಿ?

ಮೂರನೆಯದು, ಕೊಟ್ಟದ್ದು ಅವನ ಬದುಕಿಗೆ ಒದಗುವಂಥದ್ದಾಗಿತ್ತು. ಸಾಲವಿದ್ದವನಿಗೆ ಬೆಳ್ಳಿ ಸಿಕ್ಕಿತು, ದುಡಿಯಬೇಕಾದವನಿಗೆ ಒಂಟೆ ಉಳಿಯಿತು. ಹಣ ಕೊಡುವುದು ಉಡುಗೊರೆಯಲ್ಲ ಎಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಪರೀಕ್ಷೆಯ ಶುಲ್ಕ, ಬೇಕಾದ ಉಪಕರಣದ ಅರ್ಧ ಬೆಲೆ, ಗೆಳೆಯನಿಂದ ಪಡೆದ ಕೈಸಾಲ ಇವುಗಳನ್ನು ಗುಟ್ಟಾಗಿ ತೀರಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಈದಿ ಬೇರೆ ಇಲ್ಲ. ಆದರೆ ಕೊಟ್ಟ ಮೇಲೆ ಲೆಕ್ಕ ಕೇಳಬಾರದು.

ಕೊಟ್ಟದ್ದು ಅವರದಾಗಬೇಕು

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮಿಂದ ಇನ್ನೊಂದು ತಪ್ಪಾಗುತ್ತದೆ. ಇಪ್ಪತ್ತರ ಹರೆಯದ ಮಗಳಿಗೆ ಪ್ರತಿ ವರ್ಷ ಉಂಗುರವನ್ನೋ ಓಲೆಯನ್ನೋ ತರುತ್ತೇವೆ. ಒಂದು ದಿನ ತೊಡಿಸಿ, "ಮದುವೆಗೆ ಆಗುತ್ತದೆ" ಎಂದು ತಾಯಿಯ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇವೆ. ಕಷ್ಟ ಬಂದಾಗ ಅವಳನ್ನು ಕೇಳದೆ ಅಡವಿಡುತ್ತೇವೆ. ಹಾಗಾದರೆ ಅದು ಅವಳಿಗೆ ಕೊಟ್ಟ ಉಡುಗೊರೆಯೇ?

ಧರ್ಮಶಾಸ್ತ್ರದಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರವಿದೆ. ಹನಫಿ ಮತ್ತು ಶಾಫಿಈ ಮದ್‌ಹಬ್‌ಗಳ ಪ್ರಕಾರ ಪಡೆಯುವವನ ವಶಕ್ಕೆ ಬಂದಾಗಲೇ ಉಡುಗೊರೆ ಪೂರ್ಣವಾಗುತ್ತದೆ. ಅಪ್ರಾಪ್ತ ಮಗುವಿನ ಪರವಾಗಿ ತಂದೆ ವಶದಲ್ಲಿಟ್ಟುಕೊಂಡರೆ ಸಾಕು. ಪ್ರಾಯಕ್ಕೆ ಬಂದ, ವಿವೇಕವಿರುವ ಮಗ ಅಥವಾ ಮಗಳ ವಿಷಯ ಹಾಗಲ್ಲ. ವಸ್ತು ಅವರ ಕೈಗೇ ಸೇರಬೇಕು, ಅದರ ಅಧಿಕಾರ ಅವರದೇ ಆಗಬೇಕು. ಮಗುವಿಗೂ ಪ್ರಾಯದವರಿಗೂ ಕೊಡುವುದರಲ್ಲಿ ವ್ಯತ್ಯಾಸವಿದೆ ಎಂಬುದನ್ನು ನಮ್ಮ ಫಿಕ್ಹ್ ಗ್ರಂಥಗಳು ಶತಮಾನಗಳ ಹಿಂದೆಯೇ ಗುರುತಿಸಿವೆ.

ಮಗಳಿಗೆ ಬೇಕಾದದ್ದು ಹೊಲಿಗೆ ಯಂತ್ರವಿರಬಹುದು, ಕಂಪ್ಯೂಟರ್ ತರಗತಿಯ ಶುಲ್ಕವಿರಬಹುದು, ಕಾಲೇಜಿಗೆ ಹೋಗಲು ಬಸ್ ಪಾಸ್ ಇರಬಹುದು. ಕೇಳಿ ನೋಡಿರಿ.

ಹುಡುಗರಿಗೆ ಕೊಡುವಾಗ ಇನ್ನೊಂದು ಎಚ್ಚರವೂ ಬೇಕು. ನಿಶ್ಚಿತಾರ್ಥದಲ್ಲಿ ಚಿನ್ನದ ಉಂಗುರ, ಚಿನ್ನದ ಸರ ತೊಡಿಸುವ ರೂಢಿ ಹಲವೆಡೆ ಇದೆ. ಚಿನ್ನವನ್ನೂ ಶುದ್ಧ ರೇಷ್ಮೆಯನ್ನೂ ಗಂಡಸರು ಧರಿಸುವುದು ನಿಷಿದ್ಧ. ತೊಡದಿದ್ದರೆ ಹಿರಿಯರಿಗೆ ಬೇಸರ, ತೊಟ್ಟರೆ ಅಲ್ಲಾಹನ ಅಪ್ರೀತಿ. ಒಬ್ಬ ಯುವಕನನ್ನು ಇಂತಹ ಇಕ್ಕಟ್ಟಿಗೆ ಸಿಲುಕಿಸುವ ವಸ್ತು ಉಡುಗೊರೆಯಾಗಲಾರದು. ಬೆಳ್ಳಿಯ ಉಂಗುರಕ್ಕೆ ಅನುಮತಿಯಿದೆ. ಪ್ರವಾದಿವರ್ಯರು(ಸ) ಸ್ವತಃ ಬೆಳ್ಳಿಯ ಉಂಗುರ ಧರಿಸುತ್ತಿದ್ದರು.

ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ

ಹಝ್ರತ್ ನುಅಮಾನ್ ಬಿನ್ ಬಶೀರ್(ರ) ತಮ್ಮ ಬಾಲ್ಯದ ಒಂದು ಘಟನೆಯನ್ನು ವರದಿ ಮಾಡಿದ್ದಾರೆ. ಅವರ ತಂದೆ ಅವರಿಗೊಂದು ಉಡುಗೊರೆ ಕೊಟ್ಟರು. ಪ್ರವಾದಿ(ಸ) ಇದಕ್ಕೆ ಸಾಕ್ಷಿಯಾಗದ ಹೊರತು ತಾನು ಒಪ್ಪುವುದಿಲ್ಲವೆಂದು ತಾಯಿ ಅಮ್ರಾ(ರ) ಹಟ ಹಿಡಿದರು. ತಂದೆ ಪ್ರವಾದಿ(ಸ)ರ ಬಳಿಗೆ ಹೋದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಉಪದೇಶಿಸಿದರು. ತಂದೆ ಮನೆಗೆ ಬಂದು ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು.

ಕೆಲವು ಯುವಕರು ಉಡುಗೊರೆಯನ್ನು ತಣ್ಣಗೆ ಸ್ವೀಕರಿಸುವುದಕ್ಕೆ ಕಾರಣ ಇಲ್ಲಿಯೂ ಇರಬಹುದು. ಅಣ್ಣನಿಗೆ ಬೈಕು ಕೊಡಿಸಿ ತಮ್ಮನಿಗೆ ಅಂಗಿ ಕೊಟ್ಟರೆ, ಅಂಗಿ ಎಷ್ಟೇ ಚೆನ್ನಾಗಿದ್ದರೂ ಅವನ ಕಣ್ಣಿಗೆ ಕಾಣುವುದು ಬೈಕು. ಒಬ್ಬನ ವಿದ್ಯಾಭ್ಯಾಸಕ್ಕೋ ಚಿಕಿತ್ಸೆಗೋ ಹೆಚ್ಚು ಖರ್ಚಾಗಬಹುದು. ಅದು ಅಗತ್ಯದ ಖರ್ಚು, ಅದನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ. ಆದರೆ ಉಡುಗೊರೆಯಲ್ಲಿ ಪಕ್ಷಪಾತ ಸಲ್ಲದು.

ಇಷ್ಟವಾಗದಿದ್ದರೆ?

ಅಬೂಜಹ್ಮ್(ರ) ಎಂಬ ಸಹಾಬಿ ಪ್ರವಾದಿ(ಸ)ರಿಗೆ ಚಿತ್ತಾರವಿದ್ದ ಒಂದು ಹೊದಿಕೆಯನ್ನು ಕೊಟ್ಟಿದ್ದರು. ನಮಾಝಿನಲ್ಲಿ ಆ ಚಿತ್ತಾರ ಗಮನ ಸೆಳೆಯಿತು. ಪ್ರವಾದಿ(ಸ) ಅದನ್ನು ಹಿಂದಿರುಗಿಸಿದರು. ಆದರೆ ಅಷ್ಟಕ್ಕೇ ಬಿಡದೆ, ಅದರ ಬದಲಿಗೆ ಅಬೂಜಹ್ಮ್(ರ)ರದೇ ಸಾದಾ ಹೊದಿಕೆಯೊಂದನ್ನು ತರಿಸಿಕೊಂಡರು. ಕೊಟ್ಟವರ ಮನಸ್ಸು ನೋಯದಿರಲೆಂದು ಹೀಗೆ ಮಾಡಿದರೆಂದು ವಿದ್ವಾಂಸರು ವಿವರಿಸಿದ್ದಾರೆ. ಯುವಜನರು ಇದನ್ನು ಗಮನಿಸಬೇಕು. ಇಷ್ಟವಾಗದ್ದನ್ನು ಕಪಾಟಿಗೆ ತಳ್ಳಿ ಮೌನವಾಗುವುದಕ್ಕಿಂತ, "ಅಮ್ಮಿ, ಇದರ ಬದಲು ಅದನ್ನು ಕೊಡಿಸುತ್ತೀರಾ?" ಎಂದು ವಿನಯದಿಂದ ಕೇಳುವುದು ಒಳ್ಳೆಯದು. ಆಡಿನ ಗೊರಸಿನಷ್ಟು ಅಲ್ಪವಾದ ಕೊಡುಗೆಯನ್ನೂ ನೆರೆಯವರು ಕೀಳಾಗಿ ಕಾಣಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ತಂದೆತಾಯಿಯ ಕೊಡುಗೆ ಅದಕ್ಕಿಂತ ಕಡಿಮೆಯೇ?

ಹಿರಿಯರಿಗೂ ಒಂದು ಮಾತಿದೆ. ಪ್ರವಾದಿ(ಸ) ಯುವ ಸಹಾಬಿ ಉಸಾಮಾ ಬಿನ್ ಝೈದ್(ರ)ರಿಗೆ ಈಜಿಪ್ಟಿನ ಬಟ್ಟೆಯೊಂದನ್ನು ಕೊಟ್ಟಿದ್ದರು. ಅದನ್ನೇಕೆ ಧರಿಸಲಿಲ್ಲವೆಂದು ಅನಂತರ ಕೇಳಿದಾಗ, ಪತ್ನಿಗೆ ಕೊಟ್ಟೆನೆಂದು ಉಸಾಮಾ(ರ) ಹೇಳಿದರು. ಪ್ರವಾದಿ(ಸ) ಆಕ್ಷೇಪಿಸಲಿಲ್ಲ. ಮೈಯ ಆಕಾರ ಕಾಣದಂತೆ ಅದರ ಒಳಗೆ ಇನ್ನೊಂದು ಬಟ್ಟೆ ತೊಡಲು ಆಕೆಗೆ ತಿಳಿಸೆಂದರು, ಅಷ್ಟೇ. ಈ ವರದಿ ಮುಸ್ನದ್ ಅಹ್ಮದ್‌ನಲ್ಲಿದೆ. ನಾವು ಕೊಟ್ಟದ್ದನ್ನು ಮಗ ಗೆಳೆಯನಿಗೆ ಕೊಟ್ಟರೆ, ಮಗಳು ತಂಗಿಗೆ ಕೊಟ್ಟರೆ ನಮಗೇಕೆ ಸಿಟ್ಟು ಬರಬೇಕು?

ಕೊನೆಯದಾಗಿ

ಅಕ್ಕನ ಮಗನ ವಿಷಯಕ್ಕೆ ಬರುತ್ತೇನೆ. ಒಂದು ಶುಕ್ರವಾರ ಅಸರ್ ನಮಾಝಿನ ನಂತರ ಅವನ ಅಂಗಡಿಗೆ ಹೋಗಿ ಒಂದು ಗಂಟೆ ಕುಳಿತೆ. ಸುಟ್ಟುಹೋದ ತಾಮ್ರದ ತಂತಿಯನ್ನು ಬಿಚ್ಚಿ, ಸುತ್ತುಗಳನ್ನು ಎಣಿಸಿ, ಹೊಸ ತಂತಿ ಸುತ್ತುವುದನ್ನು ನೋಡಿದೆ. ಒಂದು ಸುತ್ತು ತಪ್ಪಿದರೂ ಮೋಟಾರು ಸರಿಯಾಗಿ ಓಡುವುದಿಲ್ಲ ಎಂದ. ಇಷ್ಟು ಶ್ರದ್ಧೆ ಬೇಡುವ ಕೆಲಸವನ್ನು ನಾನು ಕೀಳಾಗಿ ಎಣಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ತಂತಿ ಪರೀಕ್ಷಿಸುವ ಮೀಟರಿಗಾಗಿ ಅವನು ಪ್ರತಿಸಲ ಮಾಲೀಕರ ಬಳಿಗೆ ಹೋಗುತ್ತಿದ್ದ.

"ನಿನ್ನದೇ ಒಂದು ಮೀಟರು ಬೇಡವೇ?" ಎಂದೆ.

"ತಗೋಬೇಕು ಮಾಮು, ನೋಡೋಣ" ಎಂದ.

"ನಾಳೆ ಇಬ್ಬರೂ ಹೋಗೋಣ. ನನಗೆ ಅದರ ಬಗ್ಗೆ ತಿಳಿಯದು, ನೀನೇ ಆರಿಸು" ಎಂದೆ.

ಅಂಗಡಿಯಲ್ಲಿ ದುಬಾರಿಯದನ್ನು ಬಿಟ್ಟು ಸಾಧಾರಣ ಬೆಲೆಯದನ್ನು ಎತ್ತಿಕೊಂಡ. ಇನ್ನೂ ಒಳ್ಳೆಯದು ತೆಗೆದುಕೋ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ದಾರಿಯಲ್ಲಿ ಮನೆಗೆ ಬರುವವರೆಗೂ ಅವನು ಮಾತನಾಡಿದ. ಆ ಹುಡುಗ ಇಷ್ಟು ಮಾತನಾಡುತ್ತಾನೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಪರಸ್ಪರ ಉಡುಗೊರೆ ಕೊಡುವುದರಿಂದ ಪ್ರೀತಿ ಹೆಚ್ಚುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಪ್ರೀತಿ ಹೆಚ್ಚದಿದ್ದರೆ ದೋಷ ಮಕ್ಕಳದೇ ಎಂದು ತೀರ್ಮಾನಿಸುವ ಮೊದಲು ನಾವು ಕೊಟ್ಟ ರೀತಿಯನ್ನು ಒಮ್ಮೆ ಪರಿಶೀಲಿಸೋಣ. ಈ ಈದ್‌ಗೆ ಅಂಗಡಿಗೆ ಹೊರಡುವ ಮೊದಲು ಒಂದು ಸಂಜೆ ಮಗನೊಡನೆ, ಮಗಳೊಡನೆ ಕುಳಿತು ಅವರ ಮಾತು ಕೇಳೋಣ. ಏನೂ ಕೊಳ್ಳುವ ಶಕ್ತಿಯಿಲ್ಲದವರೂ ಅವರಿಗಾಗಿ ಕೈಯೆತ್ತಿ ದುಆ ಮಾಡಬಲ್ಲರು. ಪ್ರವಾದಿ(ಸ) ಹಝ್ರತ್ ಅನಸ್(ರ)ರಿಗೂ, ಇಬ್ನು ಅಬ್ಬಾಸ್(ರ)ರಿಗೂ ಅವರ ಎಳೆಯ ಪ್ರಾಯದಲ್ಲಿ ಕೊಟ್ಟ ದೊಡ್ಡ ಕೊಡುಗೆ ದುಆ ಆಗಿತ್ತು.

ಮಕ್ಕಳ ಮನಸ್ಸನ್ನು ಅರಿಯುವ ತಾಳ್ಮೆಯನ್ನೂ, ಅವರ ನಡುವೆ ನ್ಯಾಯ ಪಾಲಿಸುವ ಸಾಮರ್ಥ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.