ಕುರ್ಚಿ ಇರುವುದು ಸೇವೆಗಾಗಿ

ಪವಿತ್ರ ಗುರುವಾರದ ಸಂಜೆ ಗುರುಗಳು ಪಾದ ತೊಳೆಯುವ ವಿಧಿಯನ್ನು ನಾವೆಲ್ಲ ಭಕ್ತಿಯಿಂದ ನೋಡುತ್ತೇವೆ. ಪ್ರಭು ಯೇಸು ಒಡೆಯರಾಗಿದ್ದೂ ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ಸಂತ ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ನಮ್ಮ ಕೈಕೆಳಗಿನವರನ್ನು ಕಂಡಾಗ ಆ ಬೋಗುಣಿ, ಆ ವಸ್ತ್ರ ನಮ್ಮ ನೆನಪಿಗೆ ಬರುತ್ತವೆಯೇ?

ವ್ಯಾಪಾರ ಬೇರೆ, ಧರ್ಮ ಬೇರೆ ಎನ್ನುವವರು ಉಂಟು. ಹಾಗೆನ್ನದೆ ಬಾಳಿದ ಒಬ್ಬ ಉದ್ಯಮಿಯ ಪರಿಚಯ ಮಾಡಿಕೊಳ್ಳೋಣ.

ಅರ್ಜೆಂಟೀನಾದ ಎನ್ರಿಕೆ ಶಾ ಜನಿಸಿದ್ದು 1921ರಲ್ಲಿ. ಅವರು ಒಂಬತ್ತು ಮಕ್ಕಳ ತಂದೆ. 1945ರಲ್ಲಿ ನೌಕಾಪಡೆ ಬಿಟ್ಟಾಗ ತಾವೂ ಸಾಮಾನ್ಯ ಕೂಲಿಯಾಗಿ ಕಾರ್ಮಿಕರೊಡನೆ ಬಾಳಬೇಕೆಂದು ಬಯಸಿದ್ದರು. ಆದರೆ ಉದ್ಯಮಿಗಳ ನಡುವೆಯೇ ಕ್ರಿಸ್ತರಿಗೆ ಸಾಕ್ಷಿಯಾಗಿರುವಂತೆ ಗುರುಗಳೊಬ್ಬರು ಸಲಹೆ ಕೊಟ್ಟರು. ಹಾಗಾಗಿ ಅವರು ಗಾಜಿನ ಕಾರ್ಖಾನೆಯೊಂದನ್ನು ಸೇರಿ, ಮುಂದೆ ಅದರ ಮುಖ್ಯ ನಿರ್ದೇಶಕರಾದರು. 1952ರಲ್ಲಿ ಕ್ರೈಸ್ತ ಉದ್ಯಮಿಗಳ ಸಂಘವನ್ನೂ ಕಟ್ಟಿದರು.

1961ರಲ್ಲಿ ಪರೀಕ್ಷೆಯ ಗಳಿಗೆ ಬಂತು. ಕಾರ್ಖಾನೆಯ ಒಡೆತನದಲ್ಲಿ ಪಾಲು ಪಡೆದಿದ್ದವರು ಸುಮಾರು 1,200 ಕೆಲಸಗಾರರನ್ನು ತೆಗೆದುಹಾಕಲು ಹೊರಟರು. ಆಗ ಶಾ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಆದರೂ ಅವರು ಸುಮ್ಮನಿರಲಿಲ್ಲ. ಬರೀ ಕನಿಕರದ ಮಾತಾಡಲಿಲ್ಲ. ಕೆಲಸಗಾರರನ್ನು ಉಳಿಸಿಕೊಂಡೇ ಕಾರ್ಖಾನೆ ನಡೆಸುವ ಯೋಜನೆಯನ್ನು ಅವರ ಮುಂದಿಟ್ಟರು. ಮುಂದೆ ಅವರಿಗೆ ರಕ್ತ ಬೇಕಾದಾಗ 260 ಕೆಲಸಗಾರರು ರಕ್ತದಾನಕ್ಕೆ ಬಂದು ನಿಂತರು! 1962ರ ಆಗಸ್ಟ್‌ನಲ್ಲಿ, ತಮ್ಮ 41ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. 2021ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ‘ಪೂಜನೀಯ’ರೆಂದು ಘೋಷಿಸಿದರು.

ಈ ಬಾಳಿನ ಹಿಂದೆ ಧರ್ಮಸಭೆಯ ಬೋಧನೆಯಿದೆ. ಕೂಲಿ ಎಂಬುದು ಕಾರ್ಮಿಕನ ಬದುಕಿಗೆ ಸಾಲುವಂತಿರಬೇಕು ಎಂದು ಜಗದ್ಗುರು ಹದಿಮೂರನೆಯ ಲಿಯೋ 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಬೋಧಿಸಿದರು. ಬಂಡವಾಳಕ್ಕಿಂತ ದುಡಿಮೆ ಮೊದಲು ಎಂದು ಸಂತ ಎರಡನೆಯ ಜಾನ್ ಪಾಲ್ 1981ರಲ್ಲಿ ‘ಲಬೋರೆಮ್ ಎಕ್ಸೆರ್ಚೆನ್ಸ್’ ಪತ್ರದಲ್ಲಿ ವಿವರಿಸಿದರು.

ಹಾಗೆಂದರೆ ಮೇಲಧಿಕಾರಿ ಸಡಿಲ ಬಿಡಬೇಕೆಂದಲ್ಲ. ಶಿಸ್ತು ಬೇಕು, ಲೆಕ್ಕವೂ ಬೇಕು. ಆದರೆ ಹಾಜರಿ ಪುಸ್ತಕದ ಪ್ರತಿಯೊಂದು ಹೆಸರಿನ ಹಿಂದೆ ಒಂದು ಒಲೆ ಉರಿಯುತ್ತದೆ. ಸಹಿ ಹಾಕುವ ಮುನ್ನ ಆ ಒಲೆಯನ್ನು ನೆನೆಯಬೇಕು. ಬೇರೆ ದಾರಿ ಹುಡುಕುವ ಶ್ರಮವನ್ನೂ ಪಡಬೇಕು. ಶಾ ನಮಗೆ ಕಲಿಸುವುದು ಇದನ್ನೇ.

ನಾನು ಯಾರಿಗೂ ಮೇಲಧಿಕಾರಿಯಲ್ಲ ಎನ್ನುವಿರಾ? ಮನೆಗೆಲಸಕ್ಕೆ ಬರುವ ತಾಯಿಗೆ, ತೋಟದ ಆಳಿಗೆ, ಅಂಗಡಿಯ ಹುಡುಗನಿಗೆ ನಾವೇ ಒಡೆಯರು.

ಇಂದು ರಾತ್ರಿ ಜಪಸರದ ನಂತರ ಮನೆಮಂದಿ ಕೂಡಿ ಯೋಚಿಸಿ:

1. ನಮ್ಮಲ್ಲಿ ದುಡಿಯುವವರಿಗೆ ಹೇಳಿದ ದಿನ ಕೂಲಿ ಸಿಗುತ್ತಿದೆಯೇ?
2. ಅವರ ಮಕ್ಕಳ ಹೆಸರು ನಮಗೆ ಗೊತ್ತೇ?
3. ಅವರು ಕಾಯಿಲೆ ಬಿದ್ದ ದಿನ ಸಂಬಳ ಹಿಡಿಯುತ್ತೇವೆಯೇ?

ಉತ್ತರ ಕೊಡಲು ಅಳುಕಿದರೆ, ಬದಲಾವಣೆ ಅಲ್ಲಿಂದಲೇ ಆರಂಭವಾಗಲಿ.