ಆವರಣದ ಗೋಡೆ ಮತ್ತು ಪೌರಾಡಳಿತದ ಪರವಾನಗಿ

ಕನ್ನಡದ ‘ಬೇಲಿ’ಯೇ ತಮಿಳಿನಲ್ಲಿ ‘ವೇಲಿ’. ಕಲ್ಲಿನಿಂದ ಕಟ್ಟಿದುದಕ್ಕೆ ಸಂಸ್ಕೃತದವರು ‘ಪ್ರಾಕಾರ’ವೆಂದರು. ಇಂದು ಜನರ ಬಾಯಲ್ಲಿರುವ ‘ಕಾಂಪೌಂಡು’ ಇಂಗ್ಲಿಷಿನ ಮೂಲಕ ಬಂದುದಾದರೂ ಅದರ ಬೇರು ಮಲಯ ಭಾಷೆಯ ‘ಕಂಪೋಂಗ್’ ಎಂಬುದು ಹಲವು ನಿಘಂಟುಕಾರರ ಮತ. ‘ಹದ್ದು’ ಅರಬ್ಬಿಯದು, ‘ಪರವಾನಗಿ’ ಪಾರಸಿಯದು. ಒಂದು ಗೋಡೆಯ ಅರ್ಜಿಯಲ್ಲಿ ಇಷ್ಟು ಭಾಷೆಗಳು ಕೂಡಿರುವುದು ವಿನೋದವೇ ಸರಿ.

ತನ್ನ ನಿವೇಶನದ ಅಂಚಿನಲ್ಲಿ ತಾನು ಗೋಡೆ ಕಟ್ಟಿಕೊಳ್ಳಲು ಪರರ ಅಪ್ಪಣೆಯೇಕೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಬೆಂಗಳೂರಿಗೆ ಪ್ರತ್ಯೇಕ ಶಾಸನವಿದೆ. ರಾಜ್ಯದ ಇತರ ಮಹಾನಗರಪಾಲಿಕೆಗಳಿಗೆ ಅನ್ವಯಿಸುವ 1976ರ ಅಧಿನಿಯಮದ 299ನೆಯ ಪ್ರಕರಣವು, ಸಾರ್ವಜನಿಕ ಬೀದಿಗೆ ಹೊಂದಿಕೊಂಡ ಗೋಡೆ ಅಥವಾ ಬೇಲಿ ಎಷ್ಟೇ ಎತ್ತರದ್ದಾಗಿರಲಿ, ಅದನ್ನು ‘ಕಟ್ಟಡ’ವೆಂದೇ ಎಣಿಸುತ್ತದೆ. ಪುರಸಭೆ, ನಗರಸಭೆಗಳ 1964ರ ಅಧಿನಿಯಮದಲ್ಲಿಯೂ ‘ಕಟ್ಟಡ’ ಶಬ್ದದ ವ್ಯಾಪ್ತಿಯೊಳಗೆ ಗೋಡೆ ಸೇರಿದೆ. ಬೀದಿ ಎಲ್ಲರದು. ಗೋಡೆಯೊಂದು ಗೇಣು ಮುಂದೆ ಸರಿದರೆ ಚರಂಡಿ ಅಡಿಗೆ ಬೀಳುವುದು, ಮಳೆಯ ನೀರು ಎದುರು ಮನೆಗೆ ನುಗ್ಗುವುದು.

ಇಲ್ಲಿ ಬಹುಜನರು ತಿಳಿಯದ ವಿಷಯವೊಂದುಂಟು. ಪರವಾನಗಿಯು ಕಟ್ಟುವುದಕ್ಕೆ ಕೊಟ್ಟ ಸಮ್ಮತಿಯೇ ಹೊರತು ನೆಲದ ಒಡೆತನಕ್ಕೆ ಸಾಕ್ಷಿಯಲ್ಲ. ಪಾಲಿಕೆಯ ಮುದ್ರೆ ಬಿದ್ದ ನಕಾಶೆಯನ್ನು ಹಿಡಿದು ನೆರೆಯವನ ಮೊಳ ಜಾಗವನ್ನು ದಕ್ಕಿಸಿಕೊಳ್ಳಲು ಬಾರದು. ಆ ತಕರಾರು ಸಿವಿಲ್ ನ್ಯಾಯಾಲಯದ್ದು. ಆದುದರಿಂದ ಪಾಯ ತೋಡುವ ಮುನ್ನ ಕ್ರಯಪತ್ರದ ಚಕ್ಕುಬಂದಿಯನ್ನು ನೆಲದ ಮೇಲಿನ ಅಳತೆಯೊಡನೆ ಹೋಲಿಸಬೇಕು. ಎರಡೂ ಹೊಂದದಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಸಲ್ಲಿಸುವುದು ಲೇಸು. ಅಕ್ಕಪಕ್ಕದವರಿಗೆ ತಿಳಿವಳಿಕೆ ಪತ್ರ ಹೋಗಿ, ಅವರ ಸಮಕ್ಷಮದಲ್ಲಿ ಅಳತೆ ನಡೆದರೆ ಮುಂದಿನ ಎಷ್ಟೋ ವರ್ಷಗಳ ವೈಮನಸ್ಯ ತಪ್ಪುವುದು. ದಾನವಾಗಿ ಬಂದ ನೆಲದಲ್ಲಿ ನಿಂತ ವಿದ್ಯಾಸಂಸ್ಥೆಗಳು ಇದನ್ನು ಅಲಕ್ಷಿಸಲೇಬಾರದು. ದಾನಿ ಹೆಜ್ಜೆಯಿಂದ ಅಳೆದು ಕೊಟ್ಟುದು, ಆತನ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯವಾಗಿ ಮರಳುವುದುಂಟು.

ಅರ್ಜಿಯೊಡನೆ ಸಲ್ಲಿಸತಕ್ಕವು ಮುಖ್ಯವಾಗಿ ಒಡೆತನದ ಪತ್ರ, ಖಾತೆಯ ಉದ್ಧೃತ ಪ್ರತಿ, ತೆರಿಗೆ ಸಂದಾಯದ ರಸೀದಿ, ನಿವೇಶನದ ನಕಾಶೆ.

ಎತ್ತರದ ವಿಚಾರದಲ್ಲಿ ಆಯಾ ಊರಿನ ಉಪವಿಧಿಯೇ ಪ್ರಮಾಣ. ರಾಷ್ಟ್ರೀಯ ಕಟ್ಟಡ ಸಂಹಿತೆ ಸಲಹಾರೂಪದ್ದು. ಆದರೂ ಅದರ ಲೆಕ್ಕ ವಿವೇಕಯುತವಾಗಿದೆ. ಎದುರಿನ ಬೀದಿಯ ನಡುಗೆರೆಯ ಮಟ್ಟದಿಂದ 1.5 ಮೀಟರು ಸಾಮಾನ್ಯ ಮಿತಿ. ಮೇಲಿನ 0.9 ಮೀಟರು ಸರಳುಗಳಂತೆ ತೆರವಾಗಿದ್ದರೆ 2.4 ಮೀಟರಿನವರೆಗೆ ಅವಕಾಶ ಕೊಡಬಹುದು. ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಿಗೂ 2.4 ಮೀಟರು ದೊರೆಯಬಹುದು. ಮೂಲೆಯ ನಿವೇಶನಕ್ಕಾದರೋ, ರಸ್ತೆಗಳು ಕೂಡುವೆಡೆಯಲ್ಲಿ ಎರಡೂ ಪಾರ್ಶ್ವಗಳಿಗೆ 10 ಮೀಟರು ಉದ್ದದವರೆಗೆ ಗಟ್ಟಿ ಗೋಡೆ 0.75 ಮೀಟರನ್ನು ಮೀರಕೂಡದು; ಉಳಿದುದು ಸರಳಿನದಾಗಬೇಕು. ಕಾರಣ ಸ್ಪಷ್ಟ. ತಿರುವಿನಲ್ಲಿ ಬರುವ ವಾಹನದ ಸಾರಥಿಗೆ ಆಚೆಯ ಬಾಲಕನು ಕಾಣಬೇಕು. ಶಾಲೆಗೆ ಎತ್ತರದ ಗೋಡೆಯ ಸವಲತ್ತು ಇದ್ದರೂ ಮೂಲೆಯಲ್ಲಿ ಅದನ್ನು ಬಿಟ್ಟುಕೊಡುವುದೇ ಉಚಿತ.

ಪರವಾನಗಿಯಿಲ್ಲದೆ ಕಟ್ಟಿದರೆ 321ನೆಯ ಪ್ರಕರಣದಂತೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ, ಸಮರ್ಪಕ ಉತ್ತರ ಬಾರದಿದ್ದಲ್ಲಿ ಅದನ್ನು ಸ್ಥಿರಪಡಿಸುತ್ತಾರೆ. ಬಳಿಕ ಕೆಡವುವ ವೆಚ್ಚವೂ ಕಟ್ಟಿದವನ ತಲೆಗೇ.